ಯಾವ ಓದುಗರ ಸಮಾಧಾನಕ್ಕೆ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಧಾರಾವಾಹಿ ಮುಗಿದ ಮೇಲೆ ಬಂದ ಪತ್ರಗಳನ್ನು ಓದಿದೆ. ‘ಕೊನೆ ಹಿಡಿಸಲಿಲ್ಲ, ಪುಸ್ತಕ ಮಾಡುವಾಗ ಇಬ್ಬರನ್ನೂ ಒಂದು ಮಾಡಿ’ ಎಂದೇ ಹೆಚ್ಚಿನವರ ಬೇಡಿಕೆ. ಸುಳ್ಳೇಕೆ ಹೇಳಲಿ, ನನಗೂ ಕರುಳು ಚುರುಕ್ ಎಂದಿತ್ತು. ಆದರೂ ಲೇಖಕಿಯವರಿಗೆ ಒಂದು ಮಾತು.

ಇಪ್ಪತ್ತು ವರ್ಷ ಪದವಿ ತರಗತಿಗೆ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಪಾಠ ಮಾಡಿದವಳು ನಾನು. ಅದೂ ಧಾರಾವಾಹಿಯೇ. 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ಅವನದೇ ವಾರಪತ್ರಿಕೆಯಲ್ಲಿ ಬಂತು. ಅವನೂ ಕೊನೆ ಬದಲಿಸಿದ. ಆದರೆ ಓದುಗರು ಕೇಳಿದ್ದರಿಂದಲ್ಲ. ಮೊದಲ ಕೊನೆಯನ್ನು ಅವರು ನೋಡಿಯೇ ಇರಲಿಲ್ಲ! ಅಚ್ಚಿಗೆ ಮುಂಚೆ ಓದಿದ ಗೆಳೆಯ, ತಾನೂ ಕಾದಂಬರಿಕಾರನಾಗಿದ್ದ ಬುಲ್ವರ್ ಲಿಟ್ಟನ್, ಬೇಡ ಎಂದ. ಡಿಕನ್ಸ್ ತಿದ್ದಿದ. ಪಾಳು ತೋಟ, ಏಳುವ ಮಂಜು, ಕೈ ಹಿಡಿದು ಹೊರಡುವ ಕಥಾನಾಯಕ ಪಿಪ್ ಮತ್ತು ಅವನು ಚಿಕ್ಕಂದಿನಿಂದ ಪ್ರೀತಿಸಿದ ಎಸ್ಟೆಲ್ಲಾ. ಹೀಗಿದ್ದರೆ ಕಥೆ ಜನಕ್ಕೆ ಜಾಸ್ತಿ ಒಪ್ಪಿಗೆಯಾಗುತ್ತದೆ ಎಂದು ಇನ್ನೊಬ್ಬ ಗೆಳೆಯ ಫಾರ್ಸ್ಟರ್‌ಗೆ ಕಾಗದವನ್ನೂ ಬರೆದ.

ಮೊದಲು ಬರೆದದ್ದು ತೀರಾ ಚಿಕ್ಕದು. ಲಂಡನ್ನಿನ ಬೀದಿ. ಪಿಪ್ ತನ್ನ ಭಾವ ಜೋನ ಪುಟ್ಟ ಮಗನ ಜೊತೆ ನಡೆಯುತ್ತಿದ್ದಾನೆ. ಗಾಡಿಯಲ್ಲಿ ಎಸ್ಟೆಲ್ಲಾ ಸಿಗುತ್ತಾಳೆ. ಹಿಂಸೆ ಕೊಡುತ್ತಿದ್ದ ಮೊದಲ ಗಂಡ ಸತ್ತು, ಹಣವಂತನಲ್ಲದ ಒಬ್ಬ ಡಾಕ್ಟರನ್ನು ಮದುವೆಯಾಗಿದ್ದಾಳೆ. ಮಗು ಪಿಪ್‌ನದೇ ಎಂದುಕೊಂಡು, ಎತ್ತು, ಮುತ್ತಿಡುತ್ತೇನೆ ಅನ್ನುತ್ತಾಳೆ. ಅವನು ತಿದ್ದಲು ಹೋಗುವುದಿಲ್ಲ. ಅಷ್ಟೇ.

ಇದನ್ನು ಜೆರಾಕ್ಸ್ ಮಾಡಿಸಿ ತರಗತಿಯಲ್ಲಿ ಹಂಚುತ್ತಿದ್ದೆ. ಯಾವುದು ಇಷ್ಟ, ಕೈ ಎತ್ತಿ ಅನ್ನುತ್ತಿದ್ದೆ. ಜಾಸ್ತಿ ಕೈಗಳು ತೋಟದ ಕಡೆಗೇ. ಒಂದು ವರ್ಷ ಕೊನೆ ಬೆಂಚಿನ ಹುಡುಗಿ, ಎಂದೂ ಬಾಯಿ ಬಿಡದವಳು, ಎದ್ದು ನಿಂತಳು. ‘ಮೇಡಂ, ಡಾಕ್ಟರು ಒಳ್ಳೆಯವನೇ ಅಲ್ವಾ? ಪಿಪ್‌ಗೆ ಬೇಕು ಅಂತ ಅವನನ್ನ ಯಾಕೆ ಅಳಿಸಿ ಹಾಕಬೇಕು? ಅವಳು ಈಗಷ್ಟೇ ಸುಖವಾಗಿದ್ದಾಳೆ.’ ಇಡೀ ಕ್ಲಾಸು ನಕ್ಕಿತು. ನನಗೆ ಉತ್ತರ ಹೊಳೆಯಲಿಲ್ಲ.

ಆ ಹುಡುಗಿಯೂ ಓದುಗರ ಪೈಕಿಯೇ ತಾನೇ? ಅವಳಿಗೆ ಡಾಕ್ಟರು ಸಿಕ್ಕಿದ್ದು ಫಾರ್ಸ್ಟರ್‌ನ ದಯೆಯಿಂದ. 1870ರಲ್ಲಿ ಡಿಕನ್ಸ್ ತೀರಿಕೊಂಡ ಮೇಲೆ ಬರೆದ ಜೀವನಚರಿತ್ರೆಯಲ್ಲಿ ಆತ ಮೊದಲ ಕೊನೆಯನ್ನು ಅಚ್ಚು ಹಾಕಿಸಿದ. (ನನಗೆ ಈಗಲೂ ತೋಟವೇ ಇಷ್ಟ. ವಯಸ್ಸಾಯಿತು ನೋಡಿ.)

ಲೇಖಕಿಯವರೇ, ನಿಮಗೇ ಬೇಕೆನಿಸಿದರೆ ಬದಲಿಸಿ. ಪತ್ರಗಳನ್ನು ಎಣಿಸಿ ಬದಲಿಸಬೇಡಿ. ಸುಮ್ಮನೆ ಓದಿ ಮಡಚಿಟ್ಟವರು ಪತ್ರ ಬರೆಯುವುದಿಲ್ಲ. ಬದಲಿಸಿದರೂ ಪುರವಣಿಯಲ್ಲಿ ಬಂದ ಕೊನೆಯನ್ನು ಪುಸ್ತಕದ ಹಿಂದೆ ಹಾಕಿಸಿ, ಎರಡು ಪುಟ ಹೆಚ್ಚಾಗಬಹುದು ಅಷ್ಟೇ. ಪ್ರಕಾಶಕರು ಒಪ್ಪದಿದ್ದರೆ ನನಗೆ ಹೇಳಿ. ಎಲ್ಲ ಕಂತುಗಳನ್ನೂ ಕತ್ತರಿಸಿ, ಸೂಜಿದಾರ ಹಾಕಿ ಹೊಲಿದಿಟ್ಟಿದ್ದೇನೆ. ಕೊನೆಯ ಕಂತಿನ ಮೇಲೆ ಮೊಮ್ಮಗ ಕಾಫಿ ಚೆಲ್ಲಿದ್ದಾನೆ, ಆದರೂ ಓದಲು ಬರುತ್ತದೆ.

– ನಿವೃತ್ತ ಇಂಗ್ಲಿಷ್ ಉಪನ್ಯಾಸಕಿ, ತಿಪಟೂರು