ನಳದ ಪಾಳಿ ಹೇಳಿಸಿ, ಡ್ರಮ್ಮು ನಾವು ತಿಕ್ಕುತ್ತೇವೆ

ವಿಜಯಪುರ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

ಕಳೆದ ವಾರ ನಮ್ಮ ಓಣಿಗೆ ಆಶಾ ಕಾರ್ಯಕರ್ತೆ ಬಂದಿದ್ದರು. ಲಾರ್ವಾ ಸಮೀಕ್ಷೆಗೆ, ಅಂದರೆ ಕೂಡಿಟ್ಟ ನೀರಿನಲ್ಲಿ ಸೊಳ್ಳೆಮರಿ ಇದೆಯಾ ನೋಡಲು. ಹಿತ್ತಲಲ್ಲಿದ್ದ ನೀಲಿ ಡ್ರಮ್ಮಿನ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟರು. ಬಿಳಿ ಮಗ್ಗಿನಲ್ಲಿ ನೀರು ಎತ್ತಿ ನನ್ನ ಮುಂದೆ ಹಿಡಿದರು. ಸಣ್ಣ ಸಣ್ಣ ಹುಳ, ತಲೆಕೆಳಗಾಗಿ ನೇತಾಡುತ್ತಿದ್ದವು. ಮಗ್ಗು ಅಲುಗಿದ್ದೇ ತಡ, ಎಲ್ಲವೂ ಮಿಡುಕುತ್ತ ತಳ ಸೇರಿದವು. ಮನೆ ಸ್ವಚ್ಛ ಇಡುತ್ತೇನೆ ಅಂತ ನನಗೆ ಜಂಬ ಬೇರೆ ಇತ್ತು!

"ಇದನ್ನೆಲ್ಲ ಚೆಲ್ಲಿ, ತಿಕ್ಕಿ ತೊಳೀರಿ ಅಕ್ಕಾರ" ಅಂದರು. ನಮ್ಮ ಅತ್ತೆ ಒಳಗಿನಿಂದಲೇ ಕೇಳಿದರು: "ಚೆಲ್ಲಂದ್ರ ಚೆಲ್ಲತೀವಿ. ನಾಳೆ ನಳ ಬರತೈತೇನವಾ?"

ಪಾಪ, ಅವರೇನು ಹೇಳಬೇಕು? ನಳದ ಲೆಕ್ಕ ಅವರದಲ್ಲ. ನಿಮ್ಮದೂ ಅಲ್ಲ, ಗೊತ್ತು. ಆದರೆ ನಳ ತಡವಾದರೆ ಡ್ರಮ್ಮಿನಲ್ಲಿ ಹುಟ್ಟುವ ಸೊಳ್ಳೆ ನಿಮ್ಮ ಲೆಕ್ಕಕ್ಕೇ ಬರುತ್ತದೆ, ಅಲ್ವಾ? ಅದಕ್ಕೇ ಈ ಪತ್ರ ನಿಮಗೆ.

ನಮ್ಮ ಓಣಿಯಲ್ಲಿ ನೀರು ದಿನಾ ಬರುವುದಿಲ್ಲ. ಅದು ರೂಢಿಯಾಗಿದೆ. ಕಷ್ಟ ಇರುವುದು ಪಾಳಿ ತಪ್ಪುವುದರಲ್ಲಿ. ಇವತ್ತು ಬರುತ್ತದೆ ಅಂದದ್ದು ನಾಡಿದ್ದಿಗೆ ಹೋಗುತ್ತದೆ. ಹಾಗಾಗಿ ಯಾರೂ ಡ್ರಮ್ಮು ಪೂರ್ತಿ ಖಾಲಿ ಮಾಡುವುದಿಲ್ಲ. ತಳದಲ್ಲಿ ನಾಲ್ಕು ಕೊಡ ಉಳಿದಿರುವಾಗಲೇ ಮೇಲೆ ಹೊಸ ನೀರು ಬೀಳುತ್ತದೆ. ತೊರವಿಯಿಂದ ಸುರಂಗದಲ್ಲಿ ನೀರು ತಂದ ಆದಿಲಶಾಹಿಗಳ ಊರಿನಲ್ಲಿ ಈಗ ಮನೆಗೆರಡು ನೀಲಿ ಡ್ರಮ್ಮು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿನಲ್ಲಿ, ಡ್ರಮ್ಮಿನ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ತಾಗಿದರೆ ಒಡೆಯುತ್ತದೆ. ನಮ್ಮ ಸೆಕೆಗೆ 7ರಿಂದ 10 ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಅಂದರೆ ಸುಮ್ನೆ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಗೋಡೆ ತಿಕ್ಕಲೇಬೇಕು. ಇದನ್ನು ನನಗೆ ಹೇಳಿಕೊಟ್ಟವರು ಅದೇ ಆಶಾ ಕಾರ್ಯಕರ್ತೆ. ಗುರುವಾರ ಲಸಿಕೆ, ನಡುವೆ ಬಸುರಿ ಬಾಣಂತಿಯರ ಭೇಟಿ, ಮೇಲೆ ಈ ಡ್ರಮ್ಮುಗಳು. ಅವರಿಗೆ ಸಿಗುವ ಗೌರವಧನ ನಿಮಗೇ ಗೊತ್ತು, ನಾನೇನು ಹೇಳಲಿ.

ಜನ ಕೇಳುವುದು ಹೊಗೆ. "ಫಾಗಿಂಗ್ ಮಾಡಿಸಿ" ಅಂತ ನಮ್ಮ ಓಣಿಯವರೂ ಕೂಗುತ್ತಾರೆ. ಹೊಗೆ ಬಿಟ್ಟರೆ ಫೋಟೋ ಚೆಂದ ಬರುತ್ತದೆ. ಆದರೆ ಅದು ಸಾಯಿಸುವುದು ಹಾರುವ ಸೊಳ್ಳೆಯನ್ನು, ಡ್ರಮ್ಮಿನೊಳಗಿನ ಹುಳಕ್ಕೆ ಏನೂ ಆಗುವುದಿಲ್ಲ.

2024ರಲ್ಲಿ ಸರ್ಕಾರ ದಂಡದ ನಿಯಮವನ್ನೂ ತಂದಿತು. ಸೊಳ್ಳೆ ಬೆಳೆಯಲು ಬಿಟ್ಟರೆ ಪೇಟೆಯ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಖಾಲಿ ಸೈಟಿನಲ್ಲಿ ಟೈರು ರಾಶಿ ಹಾಕುವವರಿಗೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಕುಡಿಯುವ ನೀರು ಕೂಡಿಟ್ಟವರ ಮನೆಯಲ್ಲಿ ರಸೀದಿ ಹರಿಯುವ ಮೊದಲು ಒಂದು ಕೆಲಸ ಮಾಡಿ.

ನೀರು ಬಿಡುವವರನ್ನು ಕೂರಿಸಿಕೊಂಡು ಓಣಿವಾರು ಪಾಳಿಯ ಪಟ್ಟಿ ಇಸಿದುಕೊಳ್ಳಿ. ಸಮೀಕ್ಷೆಯನ್ನು ಅದಕ್ಕೆ ಹೊಂದಿಸಿ. ನಳ ಬರುವ ಹಿಂದಿನ ದಿನ ನಿಮ್ಮವರು ಓಣಿಗೆ ಬರಲಿ. ಆಗ ಡ್ರಮ್ಮಿನಲ್ಲಿ ಇರುವುದೇ ಸ್ವಲ್ಪ ನೀರು. ಬಟ್ಟೆ ಒಗೆಯಲು ಬಳಸಿ, ಉಳಿದದ್ದನ್ನು ಗಿಡಕ್ಕೆ ಹಾಕಿ, ಬ್ರಶ್ಶಿನಿಂದ ತಿಕ್ಕಿ ಬೋರಲು ಹಾಕುತ್ತೇವೆ. ಪಾಳಿ ತಪ್ಪುವುದಾದರೆ ಹಿಂದಿನ ದಿನವೇ ಒಂದು ಮೆಸೇಜ್ ಬರಲಿ. ಕಸದ ಗಾಡಿಯ ಮೈಕಿನಲ್ಲಿ ಹೇಳಿದರೂ ಸಾಕು, ಅತ್ತೆಗೆ ಅದೇ ಜಾಸ್ತಿ ಕೇಳಿಸುತ್ತದೆ.

ನಮ್ಮ ಬಾಗಿಲ ಪಕ್ಕದಲ್ಲಿ ಆಶಾ ಕಾರ್ಯಕರ್ತೆ ಸೀಮೆಸುಣ್ಣದಿಂದ ಬರೆದ ಸಮೀಕ್ಷೆಯ ತಾರೀಕು ಇನ್ನೂ ಇದೆ. ಅದರ ಕೆಳಗೆ ನಳದ ತಾರೀಕೂ ಬರೆದುಹೋಗುವಂತೆ ಮಾಡಿ.

ಇಂತಿ,
ಕೋಟೆಯೊಳಗಿನ ಓಣಿಯ ಒಬ್ಬ ಗೃಹಿಣಿ