ಕಿತ್ತಳೆಯೊಳಗೆ ರಾಜಕುಮಾರಿ: ನಿರ್ದೇಶಕ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಒಪೆರಾ ಮಾಡುತ್ತೀನಿ ಅಂತ ಹೊರಟವನು ಹೋಗಿ ಹೋಗಿ ರಷ್ಯದ ಸಂಗೀತಕಾರ ಪ್ರೊಕೋಫೀವ್‌ನ ‘ಮೂರು ಕಿತ್ತಳೆಗಳ ಪ್ರೇಮ’ಕ್ಕೇ ಕೈ ಹಾಕಿದೆಯಲ್ಲ ಮಾರಾಯ! ಖುಷಿಯಾಯ್ತು. ಆದರೆ ‘ಮಕ್ಕಳ ಕಥೆ ತಾನೆ, ಬಣ್ಣ ಬಳಿದು ಕುಣಿಸಿದರೆ ಆಯ್ತು’ ಅಂತ ಬರೆದಿದ್ದೀಯಲ್ಲ, ನನ್ನ ತಕರಾರು ಅಲ್ಲೇ.

ಈ ಕಥೆ ರಂಗಕ್ಕೆ ಬಂದದ್ದೇ ಜಗಳಕ್ಕೆ. 1761ರಲ್ಲಿ ವೆನಿಸ್‌ನ ಕಾರ್ಲೊ ಗೋಝಿ ತನಗಾಗದ ಇಬ್ಬರು ನಾಟಕಕಾರರನ್ನು, ಗೋಲ್ಡೋನಿಯನ್ನೂ ಕಿಯಾರಿಯನ್ನೂ, ಮಾಂತ್ರಿಕ ಮತ್ತು ಮಾಟಗಾತಿಯ ವೇಷದಲ್ಲಿ ನಿಲ್ಲಿಸಿ ಗೇಲಿ ಮಾಡಿದ. ಪ್ರೊಕೋಫೀವ್‌ನಲ್ಲಿ ಆ ಇಬ್ಬರ ಗುರುತು ಅಳಿದಿದೆ, ಜಗಳ ಮಾತ್ರ ಹಾಗೇ ಇದೆ. ಕಥೆ ಶುರುವಾಗುವ ಮುಂಚೆಯೇ ದುರಂತ ಬೇಕೆನ್ನುವವರು, ಹಾಸ್ಯ ಬೇಕೆನ್ನುವವರು, ಪ್ರಣಯ ಬೇಕೆನ್ನುವವರು, ಹೀಗೆ ಪ್ರೇಕ್ಷಕರ ಗುಂಪುಗಳೇ ರಂಗದ ಮೇಲೆ ಕಿತ್ತಾಡುತ್ತವೆ. ಅವರನ್ನೆಲ್ಲ ಆಚೆ ಅಟ್ಟುವ ಇನ್ನೊಂದು ಗುಂಪಿದೆ, ನಾನು ಅವರನ್ನು ತಿಕ್ಕಲರು ಅಂತ ಕರೆಯುತ್ತೇನೆ. ಈ ತಿಕ್ಕಲರನ್ನು ಮೇಳದವರೆಂದು ಮೂಲೆಗೆ ತಳ್ಳಬೇಡ. ಕಥೆಯನ್ನು ಅವರು ಪ್ರಾಣ ಹೋಗುವಷ್ಟು ನಂಬಿದ್ದಾರೆ. ಮರುಭೂಮಿಯಲ್ಲಿ ಕಿತ್ತಳೆ ಸೀಳಿ ಹೊರಬಂದ ಇಬ್ಬರು ರಾಜಕುಮಾರಿಯರು ನೀರಿಲ್ಲದೆ ಸತ್ತು, ಮೂರನೆಯವಳೂ ಕಣ್ಣು ಮುಚ್ಚುವಾಗ, ತಡೆಯಲಾರದೆ ಇವರೇ ಬಕೆಟ್‌ನಲ್ಲಿ ನೀರು ತಂದುಕೊಡುತ್ತಾರೆ! ಪ್ರೇಕ್ಷಕ ಕಥೆಯೊಳಗೆ ನುಗ್ಗಿ ನಾಯಕಿಯನ್ನು ಬದುಕಿಸುವುದೆಂದರೆ ಸಣ್ಣ ಮಾತೇ?

ಹಾಗಾಗಿ ನಾನು ಕೇಳುವುದು ಒಂದೇ. ಇದು ತಮಾಷೆ ಅಂತ ರಂಗದ ಮೇಲಿರುವ ಯಾರಿಗೂ ಗೊತ್ತಿರಬಾರದು. ರಾಜಕುಮಾರನ ಖಿನ್ನತೆ ಅವನ ಪಾಲಿಗೆ ನಿಜವಾದ ಕಾಯಿಲೆ. ಅವನನ್ನು ನಗಿಸಲು ವಿದೂಷಕ ತ್ರುಫಾಲ್ದಿನೊ ಏನೇ ಮಾಡಿದರೂ ಸಪ್ಪೆ. ಕೊನೆಗೆ ಮಾಟಗಾತಿ ಫಾತಾ ಮೊರ್ಗಾನಾ ಕಾಲು ಮೇಲಾಗಿ ಬಿದ್ದಾಗ ನಗು ಬರುತ್ತದೆ. ಆ ನಗುವನ್ನು ಗಾಯಕನ ಇಷ್ಟಕ್ಕೆ ಬಿಟ್ಟಿಲ್ಲ ಕಣೋ, ಸ್ವರ ಹಾಕಿ ಬರೆದಿದ್ದಾನೆ ಪ್ರೊಕೋಫೀವ್. ಮೊದಲು ಅನುಮಾನಿಸುತ್ತ ಒಂದು ‘ಹ’, ಮತ್ತೊಂದು, ಆಮೇಲೆ ಕಟ್ಟೆಯೊಡೆದು ಇಡೀ ಆಸ್ಥಾನಕ್ಕೆ ಹರಡುತ್ತದೆ. ರಾಜಕುಮಾರನನ್ನು ಹಾಡುವ ನಿನ್ನ ಟೆನರ್ (ಏರುದನಿಯ ಗಾಯಕ) ಅದಕ್ಕೂ ಮುಂಚೆಯೇ ಒಂದು ಕಿರುನಗೆ ಬೀರಿದನೋ, ಮುಗಿಯಿತು ಕಥೆ. ತಾಲೀಮಿನಲ್ಲಿ ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ಈ ಜಾಗಕ್ಕೆ ಕೊಡು. ಮಾಟಗಾತಿ ಬೀಳುವುದನ್ನೂ ಅಷ್ಟೇ ಜತನದಿಂದ ಕಟ್ಟು. ಬಿದ್ದವಳು ಎದ್ದು ಕೂಡಲೇ, ಮೂರು ಕಿತ್ತಳೆಗಳ ಮೋಹಕ್ಕೆ ಬೀಳು ಅಂತ ರಾಜಕುಮಾರನಿಗೆ ಶಾಪ ಹಾಡಬೇಕು, ಉಸಿರು ಉಳಿದಿರಬೇಕಲ್ಲ.

ಇದರಲ್ಲಿ ಬರುವ, ಹೆಜ್ಜೆ ಹಾಕಿಸುವ ಹೆಸರಾಂತ ವಾದ್ಯಸಂಗೀತ ಮಾರ್ಚ್‌ನ ಬಗ್ಗೆ ನಾನೇನೂ ಹೇಳುವುದಿಲ್ಲ. ಅದು ತನ್ನ ಪಾಡಿಗೆ ತಾನು ಗೆಲ್ಲುತ್ತದೆ.

ಗಿಮಿಕ್ ಬೇಕೇ ಅಂತ ಕೇಳಿದ್ದೀಯ. 1988ರಲ್ಲಿ ಇಂಗ್ಲೆಂಡಿನ ಒಪೆರಾ ತಂಡ ಒಪೆರಾ ನಾರ್ತ್‌ಗಾಗಿ ನಿರ್ದೇಶಕ ರಿಚರ್ಡ್ ಜೋನ್ಸ್ ಇದನ್ನು ಮಾಡಿದಾಗ ಪ್ರೇಕ್ಷಕರ ಕೈಗೆ ಉಜ್ಜಿದರೆ ವಾಸನೆ ಬರುವ ಕಾರ್ಡ್ ಕೊಟ್ಟಿದ್ದರು. ನನಗೆ ಇಷ್ಟವೇ, ಈ ಒಪೆರಾ ಅಂಥ ತುಂಟತನವನ್ನು ತಾಳಿಕೊಳ್ಳುತ್ತದೆ. ಆದರೆ ಮೊದಲು ಭಾಷೆಯ ಪ್ರಶ್ನೆ ಬಗೆಹರಿಸಿಕೋ. 1921ರ ಡಿಸೆಂಬರ್ 30ರಂದು ಷಿಕಾಗೋದಲ್ಲಿ ಪ್ರೊಕೋಫೀವ್ ತಾನೇ ನಿಂತು ನಡೆಸಿದ ಮೊದಲ ಪ್ರದರ್ಶನದಲ್ಲಿ, ರಷ್ಯನ್‌ನಲ್ಲಿ ಬರೆದದ್ದನ್ನು ಇಂಗ್ಲಿಷ್ ಮಾತಾಡುವ ಊರಿಗೆ ಫ್ರೆಂಚ್‌ನಲ್ಲಿ ಹಾಡಿಸಿದರು! ಇಲ್ಲಿ ಹಾಡೇ ಮಾತಿನ ಓಟದಲ್ಲಿ ಓಡುತ್ತದೆ, ನಿಂತು ಸವಿಯುವಂಥ ದೊಡ್ಡ ಹಾಡುಗಳು ಕಡಿಮೆ. ಎದುರಿಗೆ ಕೂತವರಿಗೆ ಮಾತು ತಿಳಿಯದಿದ್ದರೆ ಅರ್ಧ ನಗು ಸೋರಿಹೋಗುತ್ತದೆ. ಅವರ ಭಾಷೆಯಲ್ಲೇ ಹಾಡಿಸು.

ಇನ್ನು ಕಿತ್ತಳೆಗಳು. ಆಳು ಹಿಡಿಸುವಷ್ಟು ದೊಡ್ಡದಾಗಿರಬೇಕು, ಎಳೆಯಲು ಹಗುರವಾಗಿರಬೇಕು, ಒಳಗಿದ್ದವಳಿಗೆ ಗಾಳಿಯಾಡಬೇಕು, ವಾದ್ಯವೃಂದ ನಡೆಸುವ ಕಂಡಕ್ಟರ್ ಅವಳಿಗೆ ಕಾಣಿಸಬೇಕು. ಸೆಟ್ಟಿನವರನ್ನು ಇವತ್ತೇ ಕೂರಿಸಿಕೊಂಡು ಮಾತಾಡು, ಕೊನೆಯ ವಾರಕ್ಕೆ ಬಿಡಬೇಡ.

ಅಂದಹಾಗೆ, ದೈತ್ಯ ಸೌಟು ಹಿಡಿದು ಆ ಕಿತ್ತಳೆಗಳನ್ನು ಕಾಯುವ ಅಡುಗೆಯವಳನ್ನು ಹಾಡಬೇಕಾದವನು ಗೊಗ್ಗರು ದನಿಯ ಬಾಸ್ ಗಾಯಕ, ಅಂದರೆ ಗಂಡಿನ ಅತಿ ತಗ್ಗು ದನಿಯವನು. ಬಣ್ಣದ ರಿಬ್ಬನ್ನಿಗೆ ಮರುಳಾಗುವ ಜಾಗದಲ್ಲೂ ಅವನು ಹೆಣ್ಣಿನ ದನಿ ಅಣಕಿಸದೆ ಗಂಭೀರವಾಗಿ ಹಾಡಬೇಕು. ಯಾರು ಸಿಕ್ಕಿದರು, ಬರೆ.

ನಿನ್ನ
ಹಳೇ ಗೆಳೆಯ