ಎಣ್ಣೆ ವಾಸನೆ ಬರುವ ಬಾವಿಗಳಿಗೆ ಇನ್ನು ಮುಂದೆ ಮೊದಲು ಮಣ್ಣಿನ ಕೆಲಸ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಈ ಮಳೆಗಾಲ ಮುಗಿದ ಮೇಲೆ ಹಿಡಿಯುವ ಕೆಲಸಗಳಿಂದ ಒಂದು ಬದಲಾವಣೆ ಇದೆ. ಡೀಸೆಲ್, ಪೆಟ್ರೋಲ್ ಅಥವಾ ಕರಿ ಆಯಿಲ್ (ಬಳಸಿ ತೆಗೆದ ಎಂಜಿನ್ ಆಯಿಲ್) ಸೇರಿದ ಬಾವಿಯನ್ನು ಪಂಪು ಹಚ್ಚಿ ಖಾಲಿ ಮಾಡಿ, ತೊಳೆದು, ಬ್ಲೀಚಿಂಗ್ ಪುಡಿ ಹಾಕಿ ಅದೇ ದಿನ ಬಿಟ್ಟುಕೊಡಿ ಅಂದರೆ ಆ ಕೆಲಸವನ್ನು ನಾವು ಒಪ್ಪಿಕೊಳ್ಳುವುದಿಲ್ಲ. ಅಂಥ ಬಾವಿಗೆ ಮೊದಲು ಮಣ್ಣಿನ ಕೆಲಸ, ಆಮೇಲೆ ನೀರಿನ ಕೆಲಸ. ಬಿಲ್ಲೂ ಹಂತ ಹಂತವಾಗಿ ಬರುತ್ತದೆ. ಹೂಳು ತೆಗೆಯುವುದು, ರಿಂಗ್ ಇಳಿಸುವುದು, ವರ್ಷದ ಮಾಮೂಲಿ ತೊಳೆಯುವಿಕೆ, ಇದರಲ್ಲಿ ಯಾವುದೂ ಬದಲಾಗಿಲ್ಲ, ರೇಟೂ ಹಳೆಯದೇ.

ಒಂದು ದಿನದ ಕೆಲಸಕ್ಕೆ ತಿಂಗಳುಗಟ್ಟಲೆ ಯಾಕೆ ಅಂತ ತುಂಬ ಜನ ಫೋನಿನಲ್ಲಿ ಕೇಳಿದ್ದೀರಿ. ನೀವು ಕುಡಿಯುವ ನೀರು, ನಿಮ್ಮ ದುಡ್ಡು, ಕೇಳಲೇಬೇಕು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇವೆ.

ಇಂಥ ಬಾವಿಯಲ್ಲಿ ಎಣ್ಣೆ ಇರುವುದು ನೀರಿನಲ್ಲಿ ಕಡಿಮೆ, ಸುತ್ತಲಿನ ಮಣ್ಣಿನಲ್ಲಿ ಜಾಸ್ತಿ. ನಮ್ಮ ಕಡೆ ಎತ್ತರದಲ್ಲಿ ಚಿರೆಕಲ್ಲು, ಸಮುದ್ರದ ಬದಿಗೆ ಮರಳು. ಎರಡರಲ್ಲೂ ನೀರು ಸಲೀಸಾಗಿ ಇಳಿಯುತ್ತದೆ, ಎಣ್ಣೆಯೂ ಅದೇ ದಾರಿ ಹಿಡಿಯುತ್ತದೆ. ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ನೆಲಕ್ಕೆ ಚೆಲ್ಲಿದ ಆಯಿಲ್ ಇರಬಹುದು, ಬೋಟಿಗೆ ಅಂತ ಹಿತ್ತಲಲ್ಲಿ ಇಟ್ಟ ಡೀಸೆಲ್ ಬ್ಯಾರಲ್ಲು ಬುಡದಲ್ಲಿ ತುಕ್ಕು ಹಿಡಿದು ಸೋರಿದ್ದಿರಬಹುದು. ಡೀಸೆಲ್ ನೀರಿಗಿಂತ ಹಗುರ, ಹಾಗಾಗಿ ನೆಲದೊಳಗಿನ ನೀರನ್ನು ಮುಟ್ಟಿದ ಮೇಲೆ ಅದರ ಮೇಲೆಯೇ ಕೂರುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಅದೂ ಏರುತ್ತದೆ, ಏಪ್ರಿಲ್-ಮೇ ಹೊತ್ತಿಗೆ ನೀರು ಪಾತಾಳಕ್ಕೆ ಹೋದಾಗ ಅದೂ ಇಳಿಯುತ್ತದೆ, ಹೀಗೆ ವರ್ಷವರ್ಷವೂ ಏರಿ ಇಳಿದು ನಡುವಿನ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ.

ಗ್ಯಾರೇಜಿನ ಹಿಂದೆ ಗುಂಡಿ ತೆಗೆದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಮೇಲಿನ ಕೆಂಪು ಮಣ್ಣು ನೋಡಲು ಮಾಮೂಲಿಯಾಗಿಯೇ ಇರುತ್ತದೆ. ಆಳಕ್ಕೆ ಹೋದಂತೆ ಬಣ್ಣ ಬೂದಿಗೆ ತಿರುಗುತ್ತದೆ, ಗುದ್ದಲಿ ಬಿದ್ದಲ್ಲೆಲ್ಲ ವಾಸನೆ ಏಳುತ್ತದೆ. ಚಿರೆಕಲ್ಲಿನ ಒಂದು ತುಂಡು ಒಡೆದರೆ ಆ ತೂತುಗಳ ಒಳಗೆ ಕಪ್ಪು ಜಿಡ್ಡು ಕೂತಿರುತ್ತದೆ, ಬೆರಳಿಗೆ ಅಂಟಿದರೆ ಸೋಪಿಗೂ ಸುಲಭಕ್ಕೆ ಬಿಡುವುದಿಲ್ಲ. ಆ ತುಂಡನ್ನು ನೀರಿನ ಬಕೆಟ್ಟಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ, ಮೇಲೆ ಬಣ್ಣಬಣ್ಣದ ಪೊರೆ ಹರಡುತ್ತದೆ. ಈ ಮಣ್ಣನ್ನು ಅಲ್ಲೇ ಬಿಟ್ಟು ಬಾವಿಯನ್ನು ಮಾತ್ರ ಖಾಲಿ ಮಾಡಿದರೆ ಸುತ್ತಲಿನ ನೀರೆಲ್ಲ ಬಾವಿಯ ಕಡೆಗೇ ನುಗ್ಗುತ್ತದೆ, ಅದರ ಜೊತೆ ಎಣ್ಣೆಯೂ ಬರುತ್ತದೆ. ಕೆಲವು ದಿನ ನೀರು ಚೆಂದ ಕಾಣುತ್ತದೆ, ಆಮೇಲೆ ಮತ್ತೆ ಅದೇ ವಾಸನೆ. ಹೊರದೇಶಗಳಲ್ಲಿ ದೊಡ್ಡ ಕಾರ್ಖಾನೆಗಳ ಕೆಳಗಿನ ಅಂತರ್ಜಲವನ್ನು ವರ್ಷಗಟ್ಟಲೆ ಪಂಪು ಮಾಡಿ ಶುದ್ಧ ಮಾಡಿದ ಕಡೆಯೂ, ಪಂಪು ನಿಲ್ಲಿಸಿದ ಮೇಲೆ ಮಣ್ಣಿನಲ್ಲಿ ಉಳಿದದ್ದು ಬಿಟ್ಟುಕೊಂಡು ವಿಷ ಮತ್ತೆ ಏರಿದ್ದುಂಟು.

ಸಮುದ್ರದ ಹತ್ತಿರದವರಿಗೆ ಇನ್ನೊಂದು ಅಪಾಯ ಇದೆ. ಸಿಹಿನೀರು ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಮೀಟರ್ ಆಳದ ತನಕ ಸಿಹಿನೀರು ಇರುತ್ತದೆ ಅನ್ನುವುದು ಕರಾವಳಿ ಅಂತರ್ಜಲದ ಹಳೆಯ ಲೆಕ್ಕ. ಅಂದರೆ ಮೇಲಿನ ಮಟ್ಟ ಸ್ವಲ್ಪವೇ ಇಳಿದು ಹಾಗೇ ಉಳಿದರೂ ಕೆಳಗಿನ ಉಪ್ಪುನೀರು ಅದರ ಎಷ್ಟೋ ಪಟ್ಟು ಮೇಲೆ ಬರಲು ನೋಡುತ್ತದೆ. ಎಣ್ಣೆ ತೆಗೆಯಲು ಹೋಗಿ ಉಪ್ಪು ತಂದುಕೊಳ್ಳುವುದು ಬೇಡ, ಅಲ್ವಾ?

ಬ್ಲೀಚಿಂಗ್ ಪುಡಿ ಒಳ್ಳೆಯ ವಸ್ತುವೇ. 1000 ಲೀಟರ್ ನೀರಿಗೆ ಒಳ್ಳೆಯ ಪುಡಿ 2.5 ಗ್ರಾಂ ಹಾಕಿ ಒಂದು ಗಂಟೆ ಬಿಟ್ಟರೆ ರೋಗಾಣು ಸಾಯುತ್ತದೆ. ಆದರೆ ಡೀಸೆಲ್‌ಗೆ ಅದು ಏನೂ ಮಾಡುವುದಿಲ್ಲ. ಪೆಟ್ರೋಲ್ ಸೇರಿದ ನೀರನ್ನು ಕುದಿಸಿ ಕುಡಿಯುತ್ತೇವೆ ಅನ್ನುವವರು ದಯವಿಟ್ಟು ಹಾಗೆ ಮಾಡಬೇಡಿ, ಅದರ ಆವಿ ಅಡುಗೆಮನೆ ತುಂಬಿ ನೀವೇ ಉಸಿರಾಡುತ್ತೀರಿ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ, ಅದು ಕ್ಯಾನ್ಸರ್ ತರುವಂಥದ್ದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 10 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೆಟ್ರೋಲಿನಲ್ಲಿ ಶೇ. 1ರಷ್ಟು ಬೆಂಜೀನ್ ಇದೆ ಅಂತ ಹಿಡಿದು ಲೆಕ್ಕ ಹಾಕಿದರೆ, ಬರೀ ಒಂದು ಲೀಟರ್ ಪೆಟ್ರೋಲ್ 8 ಲಕ್ಷ ಲೀಟರಿಗೂ ಜಾಸ್ತಿ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ನಾವು ಇದನ್ನು ಒಂದು ದಿನದ ತೊಳೆಯುವ ಕೆಲಸ ಅಂತ ನೋಡದೇ ಇರುವುದು ಇದಕ್ಕೇ.

ನಮಗೆ ಫೋನ್ ಮಾಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಚಿರೆಕಲ್ಲಿನ ನೆಲದಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದರಿಂದಲೂ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತದೆ. ಕೊಡಪಾನದಲ್ಲಿ ನೀರು ನಿಲ್ಲಿಸಿ ಒಂದು ಕಡ್ಡಿಯಿಂದ ಆ ಪೊರೆಯನ್ನು ಸೀಳಿ ನೋಡಿ. ಚೂರು ಚೂರಾಗಿ ಒಡೆದು ಹಾಗೇ ಬೇರೆಯಾಗಿ ನಿಂತರೆ ಸಾಮಾನ್ಯವಾಗಿ ಅದು ಕಬ್ಬಿಣದ್ದು, ಡೀಸೆಲ್ ಅಲ್ಲ, ನೀವು ಗಾಬರಿಯಾಗಬೇಕಿಲ್ಲ. ಸುತ್ತಿಕೊಂಡು ಬಂದು ಮತ್ತೆ ಕೂಡಿಕೊಂಡರೆ ಎಣ್ಣೆ. ಆ ನೀರನ್ನು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸುವುದನ್ನು ಬಿಟ್ಟುಬಿಡಿ, ಬಾವಿಗೆ ಯಾರನ್ನೂ ಇಳಿಸಬೇಡಿ, ಹತ್ತಿರ ಬೆಂಕಿ ಬೇಡ. ಆಮೇಲೆ ನಮಗೆ ಹೇಳಿ. ನಮ್ಮ ಹುಡುಗರನ್ನೂ ವಾಸನೆ ಇರುವ ಬಾವಿಗೆ ಇಳಿಸುವುದಿಲ್ಲ, ಎಷ್ಟು ಜಾಸ್ತಿ ಕೊಡುತ್ತೇವೆ ಅಂದರೂ ಇಲ್ಲ.

ಕೆಲಸ ಹೇಗೆ ನಡೆಯುತ್ತದೆ ಅಂದರೆ, ಮೊದಲು ಎಲ್ಲಿಂದ ಸೋರುತ್ತಿದೆ ಅಂತ ಹುಡುಕಿ ಅದನ್ನು ನಿಲ್ಲಿಸಬೇಕು. ಅದು ನಿಲ್ಲದಿದ್ದರೆ ಮುಂದಿನದೆಲ್ಲ ದಂಡ. ನಿಮ್ಮ ಬಾವಿ ಮತ್ತು ಅಕ್ಕಪಕ್ಕದ ಬಾವಿಗಳ ನೀರನ್ನು ಲ್ಯಾಬಿಗೆ ಕಳಿಸುತ್ತೇವೆ. ಮಾಮೂಲಿ ನೀರು ಪರೀಕ್ಷೆಯಲ್ಲಿ ಬೆಂಜೀನ್ ನೋಡುವುದಿಲ್ಲ, ಬೇರೆಯಾಗಿ ಕೇಳಬೇಕು. ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಅಲ್ಲ, ಗಾಜಿನ ಬಾಟಲಿಯಲ್ಲಿ, ಒಂದು ಗುಳ್ಳೆಯಷ್ಟೂ ಗಾಳಿ ಇಲ್ಲದಂತೆ ತುಂಬಿ ಐಸಿನಲ್ಲಿಟ್ಟು ಕಳಿಸಬೇಕು. ಇಲ್ಲದಿದ್ದರೆ ದಾರಿಯಲ್ಲೇ ಹಾರಿಹೋಗಿ ರಿಪೋರ್ಟು ಸುಳ್ಳೇ ಚೆನ್ನಾಗಿ ಬರುತ್ತದೆ.

ಆಮೇಲೆ ಎಣ್ಣೆ ಕುಡಿದ ಮಣ್ಣನ್ನು ಮಿನಿ ಹಿಟಾಚಿಯಿಂದ ತೆಗೆಯುತ್ತೇವೆ. ಬರೀ ಡೀಸೆಲ್ ಸೇರಿದ ಮಣ್ಣಾದರೆ ನಿಮ್ಮ ಜಾಗದಲ್ಲೇ, ಬಾವಿಯಿಂದ ದೂರ, ದಪ್ಪ ಶೀಟಿನ ಮೇಲೆ ಒಂದು ಅಡಿ ಎತ್ತರಕ್ಕೆ ಹರಡಿ, ಸಗಣಿ ಗೊಬ್ಬರ ಸೇರಿಸಿ, ಆಗಾಗ ಮಗುಚಿ, ಸ್ವಲ್ಪ ತೇವ ಇಟ್ಟರೆ ಸಾಕು. ಮಣ್ಣಿನಲ್ಲೇ ಇರುವ ಬ್ಯಾಕ್ಟೀರಿಯಾ ಡೀಸೆಲ್ಲನ್ನು ತಿನ್ನುತ್ತದೆ, ಅದಕ್ಕೆ ಬೇಕಾಗಿರುವುದು ಗಾಳಿ, ತೇವ, ಸಾರಜನಕ, ರಂಜಕ. ನಮ್ಮ ಸೆಕೆಯಲ್ಲಿ ಇದು ಚುರುಕಾಗಿಯೇ ನಡೆಯುತ್ತದೆ. ಆದರೂ ತಿಂಗಳುಗಳು ಬೇಕು. ನಮ್ಮ ಮಳೆಗೆ ಮೇಲೆ ತಗಡಿನ ಮಾಡು ಇರಲೇಬೇಕು, ಇಲ್ಲದಿದ್ದರೆ ಎಲ್ಲ ತೊಳೆದು ಮತ್ತೆ ಗದ್ದೆಗೆ ಹೋಗುತ್ತದೆ. ಕರಿ ಆಯಿಲ್ ಕತೆ ಬೇರೆ. ಅದರಲ್ಲಿ ಎಂಜಿನ್ನಿನ ಲೋಹದ ಅಂಶ ಇರುತ್ತದೆ, ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ. ಆ ಮಣ್ಣನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಕೊಟ್ಟ ಕಡೆಗೇ ಕಳಿಸಬೇಕು, ಆ ಖರ್ಚು ಜಾಸ್ತಿ. ಮನೆ ಗೋಡೆಯ ಬುಡದ ಮಣ್ಣನ್ನು ಮಾತ್ರ ಮುಟ್ಟುವುದಿಲ್ಲ.

ಕೊನೆಗೆ ನೀರು. ತೇಲುವ ಎಣ್ಣೆಯನ್ನು ಮೇಲಿಂದ ತೆಗೆದು, ಪಂಪನ್ನು ನಿಧಾನಕ್ಕೆ ಓಡಿಸಿ, ನೀರನ್ನು ತೆಂಗಿನ ಕರಟದಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್ (ಎಣ್ಣೆ ಅಂಶ ಹೀರಿಕೊಳ್ಳುವಂತೆ ಹದ ಮಾಡಿದ ಇದ್ದಿಲು) ಮೂಲಕ ಹಾಯಿಸುತ್ತೇವೆ. ಒಲೆಯ ಇದ್ದಿಲು ಹಾಕಿದರೆ ಈ ಕೆಲಸ ಆಗುವುದಿಲ್ಲ. ಕಾರ್ಬನ್ ತುಂಬಿದ ಮೇಲೆ ಅದನ್ನೂ ಬದಲಿಸಬೇಕು. ಎಣ್ಣೆ ನೀರನ್ನು ಚರಂಡಿಗೆ, ಹಳ್ಳಕ್ಕೆ, ಗಜನಿಗೆ (ಉಪ್ಪುನೀರು ಬರುವ ತಗ್ಗು ಗದ್ದೆಗೆ) ಬಿಡಿ ಅಂತ ಯಾರೂ ಒತ್ತಾಯ ಮಾಡಬೇಡಿ. ಅಘನಾಶಿನಿ ಹೊಳೆಯ ಬಳಚು (ಚಿಪ್ಪುಜೀವಿ) ಆರಿಸಿ ಬದುಕುವ ಮನೆಗಳು ನಮ್ಮ ಊರಿನವೇ.

ಪಕ್ಕದ ಜಾಗದಿಂದ ಎಣ್ಣೆ ಬಂದಿದ್ದರೆ ಖರ್ಚು ಯಾರದು ಅನ್ನುವುದು ದೊಡ್ಡ ಪ್ರಶ್ನೆ. ರಾಜಸ್ಥಾನದ ಬಿಚ್ಡಿ ಹಳ್ಳಿಯಲ್ಲಿ ರಾಸಾಯನಿಕ ಕಾರ್ಖಾನೆಗಳ ಕೊಚ್ಚೆ ಇಳಿದು ಬಾವಿಗಳ ನೀರು ಹಾಳಾದಾಗ, ಹಾಳು ಮಾಡಿದವರೇ ಸರಿಮಾಡುವ ಖರ್ಚು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕಲುಷಿತ ಜಾಗಗಳ ಬಗ್ಗೆ 2025ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳಲ್ಲೂ ಈ ತತ್ವವೇ ಇದೆ. ಹಾಗಾಗಿ ಪಂಚಾಯ್ತಿಗೂ ಕಾರವಾರದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಬರೆದುಕೊಡಿ, ಬಾಯಿಮಾತು ಬೇಡ. ಗುಂಡಿಯ ಫೋಟೋ, ಲ್ಯಾಬ್ ರಿಪೋರ್ಟಿನ ಪ್ರತಿ ನಾವು ಕೊಡುತ್ತೇವೆ.

ದುಡ್ಡಿನ ವಿಷಯ: ನೋಡಿ ಪರೀಕ್ಷೆ ಮಾಡಿಸುವುದಕ್ಕೆ ಒಂದು ಬಿಲ್ಲು, ಮಣ್ಣಿನ ಕೆಲಸಕ್ಕೆ ಒಂದು, ನೀರಿನದಕ್ಕೆ ಒಂದು. ಒಂದು ಹಂತ ಮುಗಿದು ರಿಪೋರ್ಟು ನಿಮ್ಮ ಕೈಗೆ ಬಂದ ಮೇಲೆ, ನೀವು ಹ್ಞೂಂ ಅಂದರೆ ಮಾತ್ರ ಮುಂದಿನದು. ಕೆಲಸ ಮುಗಿದ ಮೇಲೂ ಒಂದು ಸಲ ಬೇಸಿಗೆ ಕೊನೆಗೆ, ಒಂದು ಸಲ ಮಳೆಗಾಲ ಮುಗಿದ ಮೇಲೆ ನೀರು ಪರೀಕ್ಷೆ ಮಾಡಿಸುತ್ತೇವೆ, ಯಾಕೆಂದರೆ ಮಣ್ಣಿನಲ್ಲಿ ಎಣ್ಣೆ ಉಳಿದಿದ್ದರೆ ನೀರಿನ ಮಟ್ಟ ಬದಲಾದಾಗಲೇ ಹೊರಗೆ ಬರುತ್ತದೆ. ಎರಡೂ ಸಲ ಚೆನ್ನಾಗಿ ಬಂದ ಮೇಲೆಯೇ ಕುಡಿಯಬಹುದು ಅಂತ ಹೇಳುತ್ತೇವೆ. ಅಲ್ಲಿ ತನಕ ಕುಡಿಯಲು ಬೇರೆ ನೀರು ನೋಡಿಕೊಳ್ಳಬೇಕು. ಇದು ಕಷ್ಟ ಅಂತ ನಮಗೆ ಗೊತ್ತು.

ಚೌತಿಗೆ ನೆಂಟರು ಬರುತ್ತಾರೆ, ಅಷ್ಟರೊಳಗೆ ಬಾವಿ ಮಾಡಿಕೊಡಿ ಅಂತ ಅಡ್ವಾನ್ಸ್ ಕೊಟ್ಟವರಲ್ಲಿ ಎಣ್ಣೆ ಬಾವಿಯವರೂ ಇದ್ದೀರಿ. ನಿಮಗೆ ಪೂರ್ತಿ ಅಡ್ವಾನ್ಸ್ ವಾಪಸ್ ಸಿಗುತ್ತದೆ, ಇಲ್ಲವೇ ಅದನ್ನೇ ಪರೀಕ್ಷೆಯ ಬಿಲ್ಲಿಗೆ ಹಿಡಿದುಕೊಳ್ಳುತ್ತೇವೆ, ಯಾವುದು ಅಂತ ತಿಳಿಸಿ. ಮಣ್ಣಿನ ಕೆಲಸ ದೀಪಾವಳಿ ಕಳೆದು ನೆಲ ಒಣಗಿದ ಮೇಲೆಯೇ ಶುರು. ಆದರೆ ಸೋರುವ ಬ್ಯಾರಲ್ಲು ಇದ್ದರೆ ಅಲ್ಲಿ ತನಕ ಕಾಯಬೇಡಿ, ಇವತ್ತೇ ಎತ್ತಿ ಸಿಮೆಂಟ್ ನೆಲದ ಮೇಲೆ, ಕೆಳಗೆ ತಟ್ಟೆ ಇಟ್ಟು ನಿಲ್ಲಿಸಿ.

ನಿಮ್ಮ ಬಾವಿ ಕೆಲಸದ ತಂಡ,
ಕುಮಟಾ